ಹಳೇ ಕೈರೋಗೆ ಒಂದು ಗಂಟೆ ಸಾಲದು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಅರಬ್ ನಾಡಿನ ಪ್ರವಾಸದ ಬಗ್ಗೆ ಇಡೀ ಒಂದು ಪುಟ ಬಂದಿದೆ. ಓದಿ ಖುಷಿಯಾಗಬೇಕಿತ್ತು, ಸಿಟ್ಟು ಬಂತು. ಪಿರಮಿಡ್ಡಿಗೆ ಒಂದು ದಿನ, ಮ್ಯೂಸಿಯಂಗೆ ಅರ್ಧ ದಿನ, ಹಳೇ ಕೈರೋಗೆ ‘ಶಾಪಿಂಗ್‌ಗೆ ಒಂದು ಗಂಟೆ’ ಅಂತೆ! ಮೊರೊಕ್ಕೊ ಅಂದರೆ ಫೆಜ್‌ನ ಚರ್ಮ ಹದ ಮಾಡುವ ತೊಟ್ಟಿಗಳ ಒಂದು ಫೋಟೊ, ‘ಮೂಗು ಮುಚ್ಚಿಕೊಂಡು ನೋಡಿ’ ಅನ್ನುವ ಒಂದು ಸಾಲು. ಟ್ಯುನೀಷಿಯಾದ ಹೆಸರೇ ಇಲ್ಲ. ಉಳಿದ ಜಾಗವೆಲ್ಲ ದುಬೈನ ಮಾಲ್‌ಗಳಿಗೆ.

ನಾನು ನೀರು ಸರಬರಾಜು ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವಳು, ಈಗ ನಿವೃತ್ತಿ. ಕೆಲವು ವರ್ಷಗಳಿಂದ ನಾನೂ ನನ್ನ ತಂಗಿಯೂ ಅರಬ್ ನಾಡಿನ ಹಳೇ ಊರುಗಳನ್ನು ಸುತ್ತುತ್ತಿದ್ದೇವೆ. ಅವಳಿಗೆ ಸಂಗೀತ, ಬಟ್ಟೆ, ತಿಂಡಿ. ನನಗೆ ನೀರು. ಎಲ್ಲಿಗೆ ಹೋದರೂ ನನ್ನ ತಲೆಗೆ ಮೊದಲು ಬರುವುದು ಒಂದೇ ಪ್ರಶ್ನೆ: ಇಷ್ಟು ಜನಕ್ಕೆ ನೀರು ಎಲ್ಲಿಂದ ಬರುತ್ತಿತ್ತು? ಕೈರೋದಲ್ಲಿ ಮಳೆ ಅನ್ನುವುದು ಹೆಸರಿಗೆ ಮಾತ್ರ. ಆದರೂ ಏಳುನೂರು ವರ್ಷದ ಹಿಂದೆಯೇ ಅಲ್ಲಿ ಲಕ್ಷಗಟ್ಟಲೆ ಜನ ಇದ್ದರು. ಕುಡಿದರು, ಅಡುಗೆ ಮಾಡಿದರು, ದಿನಕ್ಕೆ ಐದು ಸಲ ಕೈಕಾಲು ತೊಳೆದರು. ಈ ಒಂದು ಪ್ರಶ್ನೆ ಇಟ್ಟುಕೊಂಡು ನಡೆದರೆ ಸಾಕು, ಊರು ತಾನಾಗಿ ಬಾಯಿ ಬಿಡುತ್ತದೆ. ನಿಮ್ಮ ಪುಟದಲ್ಲಿ ಇಲ್ಲದ್ದು ಇದೇ. ಊರು ಹೇಗೆ ಕಾಣುತ್ತದೆ ಅಂತ ಬರೆದಿದ್ದಾರೆ, ಹೇಗೆ ನಡೆಯುತ್ತಿತ್ತು ಅಂತ ಒಂದು ಸಾಲೂ ಇಲ್ಲ.

ಲೇಖಕರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ನಮ್ಮನ್ನು ಮೊದಲ ಸಲ ಕೈರೋಗೆ ಕರೆದುಕೊಂಡು ಹೋದ ಪ್ರವಾಸ ಸಂಸ್ಥೆಯೂ ಹೀಗೇ ಮಾಡಿತು. ಹೆಸರು ಬೇಡ ಬಿಡಿ. ಕರಪತ್ರದಲ್ಲಿ ‘ಇಸ್ಲಾಮಿಕ್ ಕೈರೋ, ಅರ್ಧ ದಿನ’ ಅಂತಿತ್ತು. ಬಸ್ಸು ಮೊದಲು ನಿಂತದ್ದು ಪಪೈರಸ್ ಅಂಗಡಿ ಮುಂದೆ. ಜೊಂಡನ್ನು ಸೀಳಿ, ನೆನೆಸಿ, ಒತ್ತಿ ಹಾಳೆ ಮಾಡುವುದನ್ನು ತೋರಿಸಿ ದಾಸವಾಳದ ಪಾನಕ ಕೊಟ್ಟರು. ಪಾನಕ ಚೆನ್ನಾಗಿತ್ತು. ಆಮೇಲೆ ಅತ್ತರ್ ಅಂಗಡಿ. ಅಲ್ಲಿ ಒಬ್ಬೊಬ್ಬರ ಮಣಿಕಟ್ಟಿಗೂ ಬೇರೆ ಬೇರೆ ಎಣ್ಣೆ ಸವರಿದರು. ಅಷ್ಟರಲ್ಲಿ ಸಂಜೆಯಾಗಿತ್ತು. ಖಾನ್ ಅಲ್-ಖಲೀಲಿಯ ಬಾಯಲ್ಲಿ ಇಳಿಸಿ, ಒಂದು ಗಂಟೆಯಲ್ಲಿ ಬಸ್ಸಿಗೆ ಬನ್ನಿ ಅಂದರು. ಖಾನ್ ಅಲ್-ಖಲೀಲಿ ಕಳಪೆ ಜಾಗವೇನಲ್ಲ. 1382ರಲ್ಲಿ ಶುರುವಾದ ವ್ಯಾಪಾರಿಗಳ ಛತ್ರ ಅದು. ಆದರೆ ಆ ಒಂದು ಗಂಟೆಯಲ್ಲಿ ಪ್ರವಾಸಿ ನೋಡುವುದು ಪ್ಲಾಸ್ಟಿಕ್ ಒಂಟೆ, ಗಾಜಿನ ಪಿರಮಿಡ್ ಅಷ್ಟೇ. ನೂರು ಹೆಜ್ಜೆ ಆಚೆ ಹೋದರೆ ಹಳೇ ಊರಿನ ಮುಖ್ಯ ಬೀದಿ, ಮುಯಿಜ್ ಬೀದಿ ಇದೆ. ಅದನ್ನು ಯಾರೂ ಹೇಳಲಿಲ್ಲ.

ಮರುದಿನ ಉಳಿದವರು ಅಲೆಕ್ಸಾಂಡ್ರಿಯಾಗೆ ಹೋದರು. ನಾವಿಬ್ಬರೂ ಹೋಗಲಿಲ್ಲ. ಟ್ಯಾಕ್ಸಿ ಹಿಡಿದು ಬಾಬ್ ಅಲ್-ಫುತೂಹ್ ಹೆಬ್ಬಾಗಿಲಿಗೆ ಹೋಗಿ ಅಲ್ಲಿಂದ ಮುಯಿಜ್ ಬೀದಿಗುಂಟ ತೆಂಕಣಕ್ಕೆ ನಡೆದೆವು. ಈ ಬಾಗಿಲು 1087ರದು. ಬೀದಿಯ ಆ ತುದಿಯ ಬಾಬ್ ಜುವೈಲಾ 1092ರದು. ಎರಡನ್ನೂ ಕಟ್ಟಿಸಿದವನು ಬದ್ರ್ ಅಲ್-ಜಮಾಲಿ ಎಂಬ ಮಂತ್ರಿ. ಊರು ಅದಕ್ಕಿಂತ ಹಳೆಯದು. 969ರಲ್ಲಿ ಫಾತಿಮಿ ರಾಜವಂಶದ ಸೇನಾಪತಿ ಜೌಹರ್ ಇದಕ್ಕೆ ಗೆರೆ ಎಳೆದ. ಎರಡು ಬಾಗಿಲ ನಡುವೆ ಹೆಚ್ಚು ಕಡಿಮೆ ಒಂದು ಕಿಲೋಮೀಟರ್. ಬೀಸು ನಡಿಗೆಯವರಿಗೆ ಕಾಲು ಗಂಟೆ. ನಮಗೆ ಇಡೀ ದಿನ ಬೇಕಾಯಿತು, ಆದರೂ ಮುಗಿಯಲಿಲ್ಲ.

ಬೀದಿ ಕವಲೊಡೆಯುವ ಜಾಗದಲ್ಲಿ ಒಂದು ಪುಟ್ಟ ಕಟ್ಟಡ ಮೂಗಿನ ಹಾಗೆ ಮುಂದೆ ಬಂದು ನಿಂತಿದೆ. ಅಬ್ದ್ ಅಲ್-ರಹ್ಮಾನ್ ಕತ್‌ಖುದಾ 1744ರಲ್ಲಿ ಕಟ್ಟಿಸಿದ ಸಬೀಲ್ ಅದು. ಸಬೀಲ್ ಅಂದರೆ ದಾರಿಹೋಕರಿಗೆ ಬಿಟ್ಟಿ ಕುಡಿಯುವ ನೀರು ಕೊಡುವ ಮನೆ. ಕೆಳಗೆ ನೀರು, ಮೇಲೆ ಮಕ್ಕಳ ಶಾಲೆ. ಕೈರೋದಲ್ಲಿ ಹೆಚ್ಚಿನ ಸಬೀಲ್‌ಗಳ ಲೆಕ್ಕಾಚಾರ ಇದೇ. ಶಾಲೆಯಲ್ಲಿ ಓದುತ್ತಿದ್ದವರು ಬಹುಪಾಲು ಅನಾಥ ಮಕ್ಕಳು. ಮೇಲಿನ ಮಹಡಿಗೆ ಗೋಡೆಯೇ ಇಲ್ಲ, ಬರೀ ಕಮಾನುಗಳು. ಗಾಳಿ ಬೆಳಕು ಧಾರಾಳ.

ಕೆಳಗಿನ ವ್ಯವಸ್ಥೆ ಕೇಳಿ. ನೆಲದಡಿ ಒಂದು ದೊಡ್ಡ ತೊಟ್ಟಿ. ನೈಲ್ ನದಿಗೆ ನೆರೆ ಬಂದಾಗ ನೀರನ್ನು ಚರ್ಮದ ಚೀಲಗಳಲ್ಲಿ ತುಂಬಿ ಒಂಟೆ, ಕತ್ತೆಗಳ ಮೇಲೆ ಹೇರಿ ತಂದು ಆ ತೊಟ್ಟಿ ತುಂಬಿಸುತ್ತಿದ್ದರು. ವರ್ಷದ ನೀರು ಅದು. ಬೇಕಾದಾಗ ಮೇಲೆ ಸೇದಿ, ಅಲೆಅಲೆಯಾಗಿ ಕೆತ್ತಿದ ಇಳಿಜಾರು ಅಮೃತಶಿಲೆಯ ಹಲಗೆ ಮೇಲೆ ಹರಿಯಬಿಡುತ್ತಿದ್ದರು. ನೋಡಲು ಅಲಂಕಾರ, ಆದರೆ ಕೆಲಸ ಬೇರೆ. ನೀರು ತೆಳ್ಳಗೆ ಹರಡಿ ಗಾಳಿ ತಾಕಿ ತಣ್ಣಗಾಗುತ್ತದೆ. ಆಮೇಲೆ ಕಂಚಿನ ಜಾಲರಿ ಕಿಟಕಿಯಿಂದ ಬಟ್ಟಲಲ್ಲಿ ಕೊಡುತ್ತಿದ್ದರು. ನಾನು ಆ ಹಲಗೆಯ ಇಳಿಜಾರು ಎಷ್ಟಿರಬಹುದು ಅಂತ ಬಗ್ಗಿ ನೋಡುತ್ತಿದ್ದರೆ ಅಲ್ಲಿಯ ಕಾವಲುಗಾರ ಏನೋ ಬಿದ್ದುಹೋಗಿದೆ ಅಂದುಕೊಂಡು ತಾನೂ ಹುಡುಕಲು ಬಂದ!

ದುಡ್ಡು ಎಲ್ಲಿಂದ? ಇದು ಮುಖ್ಯ. ಕಟ್ಟಿಸಿಬಿಡುವುದು ಸುಲಭ, ಮುನ್ನೂರು ವರ್ಷ ನಡೆಸುವುದು ಕಷ್ಟ. ಇಲಾಖೆಯಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ಇದಕ್ಕೆ ಉತ್ತರ ಬಾಬ್ ಜುವೈಲಾ ಪಕ್ಕದ ಸುಕ್ಕರಿಯ್ಯಾದಲ್ಲಿದೆ. ನಫೀಸಾ ಅಲ್-ಬೈದಾ ಎಂಬ ಹೆಂಗಸು 1796ರಲ್ಲಿ ಅಲ್ಲಿ ಒಂದು ಸಬೀಲ್ ಕಟ್ಟಿಸಿದಳು. ದಾಸಿಯಾಗಿ ಬಂದವಳು, ಮುಂದೆ ಕೈರೋದ ದೊಡ್ಡ ಶ್ರೀಮಂತೆಯಾದಳು. ಸಬೀಲ್ ಜೊತೆಗೇ ಅವಳು ಒಂದು ವಿಕಾಲ, ಅಂದರೆ ವ್ಯಾಪಾರಿಗಳ ಮಳಿಗೆ ಕಟ್ಟಡ, ಮತ್ತೆ ಸ್ನಾನದ ಮನೆಗಳನ್ನೂ ಕಟ್ಟಿಸಿದಳು. ಅಂಗಡಿ ಬಾಡಿಗೆ, ಸ್ನಾನದ ಮನೆಯ ವರಮಾನ ಎಲ್ಲ ನೀರಿಗೆ ಮತ್ತು ಶಾಲೆಗೆ. ಇದನ್ನೆಲ್ಲ ವಕ್ಫ್ ಪತ್ರದಲ್ಲಿ ಬರೆಸಿಡುತ್ತಿದ್ದರು. ನೀರು ಹೊರುವವನಿಗೆ ಎಷ್ಟು, ಹಗ್ಗಕ್ಕೆ ಎಷ್ಟು, ಬಟ್ಟಲಿಗೆ ಎಷ್ಟು, ಮೇಷ್ಟ್ರಿಗೆ ಎಷ್ಟು. ನೀರು ಕೊಡುವವನು ಶುಚಿಯಾಗಿರಬೇಕು, ರೋಗ ಇರಬಾರದು ಅನ್ನುವುದೂ ಇಂಥ ಪತ್ರಗಳಲ್ಲಿ ಬರುತ್ತದೆ. ನಿರ್ವಹಣೆ ವೆಚ್ಚವನ್ನು ಮೊದಲ ದಿನವೇ ಕಟ್ಟಡಕ್ಕೆ ಗಂಟು ಹಾಕಿದ್ದಾಳೆ ನೋಡಿ. ನಫೀಸಾಳ ಕೊನೆಗಾಲ ಮಾತ್ರ ಚೆನ್ನಾಗಿರಲಿಲ್ಲ. ನೆಪೋಲಿಯನ್ನನ ಸೈನ್ಯ ಬಂತು, ಆಮೇಲೆ ಈಜಿಪ್ಟಿನ ಹೊಸ ದೊರೆಯಾಗಿ ಮುಹಮ್ಮದ್ ಅಲಿ ಬಂದ, ಆಸ್ತಿ ಕರಗಿತು. 1816ರಲ್ಲಿ ಬಡತನದಲ್ಲೇ ಸತ್ತಳು. ಅವಳ ಸಬೀಲ್ ಮುಂದೆ ನಾವು ನಿಂತಿದ್ದಾಗ ಬೇರೆ ಒಬ್ಬ ಪ್ರವಾಸಿಯೂ ಇರಲಿಲ್ಲ. ಎಲ್ಲರೂ ಬಾಬ್ ಜುವೈಲಾ ಮಿನಾರ್ ಹತ್ತುವುದರಲ್ಲಿದ್ದರು. ಹತ್ತಿ, ಬೇಡ ಅನ್ನಲ್ಲ. ಮೇಲಿನಿಂದ ಇಡೀ ಹಳೇ ಊರು ಕಾಣುತ್ತದೆ. ತಂಗಿ ಹತ್ತಿದಳು. ನನ್ನ ಮಂಡಿ ಒಪ್ಪಲಿಲ್ಲ.

ಇದೇ ಬೀದಿಯಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಸಂಕೀರ್ಣ ಇದೆ, 1284-85ರದು. ಅವನ ಸಮಾಧಿಯ ಒಳಗಿನ ಬಣ್ಣದ ಗಾಜು, ಚಿನ್ನದ ಚಾವಣಿ ನೋಡಿ ಬಾಯಿ ತೆರೆದುಕೊಂಡು ನಿಲ್ಲುವವರೇ ಎಲ್ಲ. ಆದರೆ ಅದರ ಹಿಂದೆ ಅವನು ಒಂದು ಆಸ್ಪತ್ರೆಯನ್ನೂ ಕಟ್ಟಿಸಿದ್ದ. ಗಂಡಸು, ಹೆಂಗಸು, ಬಡವ, ಬಲ್ಲಿದ ಎಲ್ಲರಿಗೂ ಅಲ್ಲಿ ಚಿಕಿತ್ಸೆ ಪುಕ್ಕಟೆ. ಹಳೇ ಆಸ್ಪತ್ರೆಯ ಬಹುಪಾಲು ಹೋಗಿದೆ. ಅದೇ ಜಾಗದಲ್ಲಿ ಈಗಲೂ ಒಂದು ಕಣ್ಣಿನ ಆಸ್ಪತ್ರೆ ನಡೆಯುತ್ತಿದೆ.

ಇನ್ನು ನೈಲೋಮೀಟರ್, ಅಂದರೆ ನೈಲ್ ನದಿಯ ನೀರಿನ ಮಟ್ಟ ಅಳೆಯುತ್ತಿದ್ದ ಕಟ್ಟಡ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಕತ್ತರಿ ಹಾಕಬೇಡಿ. ಕೈರೋ ನಡುವೆ ನೈಲ್ ನದಿಯಲ್ಲಿ ರೋಡಾ ಅಂತ ಒಂದು ದ್ವೀಪ ಇದೆ. ಅದರ ತೆಂಕಣ ತುದಿಯಲ್ಲಿ ಶಂಕುವಿನಾಕಾರದ ಟೋಪಿ ಹಾಕಿಕೊಂಡ ಸಣ್ಣ ಕಟ್ಟಡ. ಟೋಪಿ ಈಚಿನದು. ಕೆಳಗಿರುವುದು ಅಬ್ಬಾಸಿ ಖಲೀಫ ಅಲ್-ಮುತವಕ್ಕಿಲ್ 861ರಲ್ಲಿ ಮಾಡಿಸಿದ್ದು. ಒಳಗೆ ಕಲ್ಲು ಕಟ್ಟಿದ ಆಳವಾದ ಗುಂಡಿ, ತಳದಲ್ಲಿ ದುಂಡಗೆ, ಮೇಲೆ ಚೌಕ. ಗೋಡೆಗುಂಟ ಮೆಟ್ಟಿಲು. ನಡುವೆ ಎಂಟು ಮುಖದ ಅಮೃತಶಿಲೆಯ ಕಂಬ. ಅದರ ಮೇಲೆ ಮೊಳಗಳ ಗುರುತು, ಒಟ್ಟು 19 ಮೊಳ. ನದಿಯಿಂದ ಬೇರೆ ಬೇರೆ ಎತ್ತರದಲ್ಲಿ ಮೂರು ಸುರಂಗಗಳು ಗುಂಡಿಗೆ ಬಂದು ಸೇರುತ್ತವೆ. ನದಿ ಏರಿದ ಹಾಗೆ ಗುಂಡಿಯ ನೀರೂ ಏರುತ್ತದೆ. ಆದರೆ ಅಲೆಯಿಲ್ಲ, ಸೆಳೆತವಿಲ್ಲ. ಕಂಬದ ಮೇಲೆ ನೆಟ್ಟಗೆ ಓದಿಕೊಳ್ಳಬಹುದು.

ಸುಮಾರು 16 ಮೊಳ ಬಂದರೆ ಊರಿಗೆ ಹಬ್ಬ. ಅದಕ್ಕಿಂತ ತುಂಬ ಕಡಿಮೆಯಾದರೆ ಬರ, ತುಂಬ ಜಾಸ್ತಿಯಾದರೆ ಹೊಲ ಮನೆ ಮುಳುಗಡೆ. ರೈತರ ಮೇಲಿನ ತೆರಿಗೆಯೂ ಈ ಕಂಬ ನೋಡಿಯೇ. ನೀರು ಬಾರದ ವರ್ಷ ತೆರಿಗೆ ಕೇಳಿದರೆ ಕೊಡುವವರು ಯಾರು? 16 ಮೊಳ ತುಂಬಿದ ದಿನ ಕಂಬಕ್ಕೆ ಕೇಸರಿ, ಕಸ್ತೂರಿ ಬಳಿಯುತ್ತಿದ್ದರು. ಆಮೇಲೆ ಊರೊಳಗಿನ ಖಲೀಜ್ ಕಾಲುವೆಯ ಒಡ್ಡು ಒಡೆದು ನೀರು ಬಿಡುತ್ತಿದ್ದರು. ಎಷ್ಟೋ ಸಲ ಅರಸನೇ ಬರುತ್ತಿದ್ದ. ಆ ಕಾಲುವೆಯನ್ನು 1890ರ ದಶಕದ ಕೊನೆಗೆ ಮುಚ್ಚಿದರು. ಈಗ ಅದು ವಾಹನಗಳಿಂದ ತುಂಬಿದ ಪೋರ್ಟ್ ಸಯೀದ್ ಬೀದಿ. 1970ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟು ಮುಗಿದ ಮೇಲೆ ನೆರೆಯೂ ನಿಂತಿತು. ಸುರಂಗ ಮುಚ್ಚಿದ್ದಾರೆ, ಹಾಗಾಗಿ ನಾವು ಒಣ ಮೆಟ್ಟಿಲ ಮೇಲೆ ತಳದವರೆಗೂ ಇಳಿಯಬಹುದು. ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ ಸರಿಯಾಗಿಲ್ಲ, ಹುಷಾರು. ಗೋಡೆಯ ಮೇಲೆ ನೀರು, ಮಳೆ, ಬೆಳೆ ಬಗ್ಗೆ ಇರುವ ಕುರಾನಿನ ಸಾಲುಗಳನ್ನು ಕೂಫಿ ಎಂಬ ಹಳೇ ಅರಬ್ಬಿ ಲಿಪಿಯಲ್ಲಿ ಕೆತ್ತಿದ್ದಾರೆ. ನೀರಿನ ಮಟ್ಟ ಅಳೆಯುವುದೇ ಕೆಲಸವಾಗಿದ್ದ ನನ್ನಂಥವಳಿಗೆ ಪಿರಮಿಡ್ಡಿಗಿಂತ ಇದೇ ದೊಡ್ಡದು. ಬೈಯುವವರು ಬೈಯಲಿ.

ಅದೇ ಆವರಣದಲ್ಲಿ ಗಾಯಕಿ ಉಮ್ಮ್ ಕುಲ್ಸೂಮ್ ಅವರ ಮ್ಯೂಸಿಯಂ ಇದೆ. ಅವರ ಕಪ್ಪು ಕನ್ನಡಕ, ಹಾಡುವಾಗ ಕೈಯಲ್ಲಿ ಹಿಡಿಯುತ್ತಿದ್ದ ವಸ್ತ್ರ ಎಲ್ಲ ಇಟ್ಟಿದ್ದಾರೆ. ತಂಗಿ ಅಲ್ಲಿ, ನಾನು ಇಲ್ಲಿ. ಇಬ್ಬರಿಗೂ ತೃಪ್ತಿ. ದಂಪತಿಗಳು, ಸ್ನೇಹಿತರು ಜಗಳವಾಡದೆ ನೋಡಬಹುದಾದ ಜಾಗ ಅಂತ ನಿಮ್ಮ ಪುರವಣಿಯಲ್ಲಿ ಹಾಕಬಹುದು.

ಇಬ್ನ್ ತುಲೂನ್ ಮಸೀದಿಯನ್ನಂತೂ ಬಿಡಲೇಬಾರದು. 879ರಲ್ಲಿ ಮುಗಿದದ್ದು. ಹೊರಗೆ ಸುತ್ತು ಮೆಟ್ಟಿಲಿನ ಮಿನಾರ್, ಒಳಗೆ ಅಷ್ಟು ದೊಡ್ಡ ಅಂಗಳ. ಕಲ್ಲಿನ ಕಂಬಗಳ ಬದಲು ಇಟ್ಟಿಗೆಯ ದಪ್ಪ ಕಂಬಗಳು. ಅದಕ್ಕೊಂದು ಕತೆ ಇದೆ, ಹಳೇ ಇತಿಹಾಸಕಾರರು ಬರೆದಿಟ್ಟದ್ದು. ಆಗ ಈಜಿಪ್ಟನ್ನು ಆಳುತ್ತಿದ್ದ ಇಬ್ನ್ ತುಲೂನ್ ಊರಿಗೆ ನೀರು ತರಲು ಕಮಾನು ಕಾಲುವೆ ಕಟ್ಟಿಸಿದ. ಕೆಲಸ ಮುಗಿದ ಮೇಲೆ ಕುದುರೆ ಏರಿ ನೋಡಲು ಬಂದ. ಇನ್ನೂ ಒಣಗದ ಗಾರೆಯಲ್ಲಿ ಕುದುರೆ ಕಾಲು ಜಾರಿತು. ತಕ್ಷಣ ಎಂಜಿನಿಯರಿಗೆ ಏಟು, ಮೇಲೆ ಜೈಲು! ಆಮೇಲೆ ಮಸೀದಿ ಕಟ್ಟಲು ನೂರಾರು ಕಂಬ ಬೇಕಾಯಿತು. ಚರ್ಚುಗಳಿಂದ ಕೀಳದೆ ಸಿಗುವ ಹಾಗಿರಲಿಲ್ಲ. ಜೈಲಿನಲ್ಲಿದ್ದ ಅದೇ ಎಂಜಿನಿಯರ್, ಅವನೂ ಕ್ರಿಶ್ಚಿಯನ್ನನೇ, ಇಟ್ಟಿಗೆಯಲ್ಲೇ ಕಟ್ಟಿಕೊಡುತ್ತೇನೆ ಅಂತ ಹೇಳಿ ಕಳಿಸಿದ, ಬಿಡುಗಡೆಯಾದ. ಕತೆ ಎಷ್ಟು ನಿಜವೋ. ಸಾಹೇಬರ ಸೈಟ್ ಇನ್‌ಸ್ಪೆಕ್ಷನ್ ಕಂಡವರಿಗೆ ನಂಬಲು ಕಷ್ಟವಾಗಲ್ಲ.

ಕೈರೋ ಕೋಟೆಯ ವಿಷಯಕ್ಕೆ ಬಂದರೆ ನಿಮ್ಮ ಪುಟದಲ್ಲೊಂದು ತಪ್ಪಿದೆ. ಎರಡು ಪೆನ್ಸಿಲ್ ಮಿನಾರ್‌ಗಳ ಮಸೀದಿ ಫೋಟೊ ಹಾಕಿ ‘ಸಲಾದಿನ್ ಕಟ್ಟಿಸಿದ್ದು’ ಅಂತ ಬರೆದಿದ್ದೀರಿ. ಕೋಟೆಯನ್ನು ಸುಲ್ತಾನ ಸಲಾದಿನ್ 1176ರಲ್ಲಿ ಶುರು ಮಾಡಿದ್ದು ನಿಜ. ಆದರೆ ಅವನು 1193ರಲ್ಲೇ ಡಮಾಸ್ಕಸ್‌ನಲ್ಲಿ ತೀರಿಕೊಂಡ. ಮಸೀದಿ ಮುಹಮ್ಮದ್ ಅಲಿಯದು, 1830ರಿಂದ 1848ರವರೆಗೆ ಕಟ್ಟಿದ್ದು, ಇಸ್ತಾಂಬುಲ್ ಮಾದರಿ. ಅದರ ಅಂಗಳದ ಗಡಿಯಾರ ಗೋಪುರ ಫ್ರಾನ್ಸಿನವರು ಕೊಟ್ಟ ಉಡುಗೊರೆ. ಬದಲಿಗೆ ಲಕ್ಸರ್‌ನ ಕಲ್ಲುಸ್ತಂಭ ಪ್ಯಾರಿಸ್‌ಗೆ ಹೋಯಿತು. ಸ್ತಂಭ ಇನ್ನೂ ಅಲ್ಲಿ ನೆಟ್ಟಗೆ ನಿಂತಿದೆ. ಗಡಿಯಾರ ಬಹುಕಾಲ ಸುಮ್ಮನೆ ನಿಂತಿತ್ತು. ಸಲಾದಿನ್ ಕಾಲದ ಕೆಲಸ ನೋಡಬೇಕು ಅನ್ನುವವರಿಗೆ ಅದೇ ಕೋಟೆಯೊಳಗೆ ಬಂಡೆ ಕೊರೆದು ತೋಡಿದ ಬಾವಿ ಇದೆ. ಆಳ ಹತ್ತಿರ ಹತ್ತಿರ 90 ಮೀಟರ್. ಒಂದೇ ಎಳೆತಕ್ಕೆ ಅಷ್ಟು ಆಳದಿಂದ ನೀರು ಎತ್ತಲು ಆಗಲ್ಲ. ಅದಕ್ಕೆ ಅರ್ಧದಲ್ಲಿ ಒಂದು ಅಟ್ಟಣೆ ಮಾಡಿ, ಎತ್ತುಗಳನ್ನು ಸುತ್ತು ದಾರಿಯಲ್ಲಿ ಅಲ್ಲಿಗೇ ಇಳಿಸಿ ಚಕ್ರ ತಿರುಗಿಸುತ್ತಿದ್ದರು. ಎರಡು ಹಂತದ ಪಂಪಿಂಗ್, ಇನ್ನೇನು?

ಟ್ಯುನೀಷಿಯಾದ ಕೈರುವಾನ್‌ಗೆ ನಮ್ಮವರು ಹೋಗುವುದು ತೀರಾ ಕಡಿಮೆ. ಟ್ಯೂನಿಸ್‌ನಿಂದ ಲುಆಜ್ ಅನ್ನುವ ಹಂಚಿಕೆ ವ್ಯಾನಿನಲ್ಲಿ ಕೂತರೆ ತಲುಪಿಸುತ್ತಾರೆ. ಸೀಟು ತುಂಬಿದ ಮೇಲೆಯೇ ಹೊರಡುವುದು, ಸಮಯ ಕೇಳಬಾರದು. 670ರಲ್ಲಿ ಸೈನ್ಯದ ಬೀಡಾಗಿ ಹುಟ್ಟಿದ ಊರು. ಹತ್ತಿರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ, ಸಮುದ್ರ ಇಲ್ಲ. 9ನೇ ಶತಮಾನದಲ್ಲಿ ಅಗ್ಲಬಿ ಅರಸರು 36 ಕಿಲೋಮೀಟರ್ ದೂರದ ಬೆಟ್ಟದಿಂದ ನೀರು ತಂದು ಊರ ಹೊರಗೆ ದುಂಡನೆಯ ಕೊಳಗಳಲ್ಲಿ ತುಂಬಿದರು. ದೊಡ್ಡ ಕೊಳದ ಅಡ್ಡಳತೆ 128 ಮೀಟರ್, ಆಳ ಸುಮಾರು 5 ಮೀಟರ್. ಪಕ್ಕದಲ್ಲೇ ಒಂದು ಸಣ್ಣ ಕೊಳ. ಪ್ರವಾಸಿಗಳು ದೊಡ್ಡದರ ಫೋಟೊ ತೆಗೆದು ಹೊರಟುಬಿಡುತ್ತಾರೆ. ಜಾಣತನ ಇರುವುದು ಸಣ್ಣದರಲ್ಲಿ. ನೀರು ಮೊದಲು ಅದಕ್ಕೆ ಬೀಳುತ್ತದೆ, ಅಲ್ಲಿ ಹೂಳು ತಳಕ್ಕೆ ಕೂರುತ್ತದೆ, ತಿಳಿ ನೀರು ಮಾತ್ರ ಮೇಲಿನ ಕಂಡಿಯಿಂದ ದೊಡ್ಡ ಕೊಳಕ್ಕೆ ಹೋಗುತ್ತದೆ. ಸೆಟ್ಲಿಂಗ್ ಟ್ಯಾಂಕು! ನಾನು ಕೆಲಸದಲ್ಲಿದ್ದಾಗ ಇದನ್ನೇ ಸಿಮೆಂಟಿನಲ್ಲಿ ಕಟ್ಟಿಸುತ್ತಿದ್ದೆ.

ಊರೊಳಗಿನ ದೊಡ್ಡ ಮಸೀದಿಯ ಅಂಗಳದಲ್ಲಿ ಸುಮ್ನೆ ನಿಂತು ನೆಲ ನೋಡಿ. ನಡುವಿಗೆ ಮೆಲ್ಲಗೆ ಇಳಿಜಾರಾಗಿದೆ. ಮಳೆ ನೀರು ಹರಿದು ಒಂದು ಕೆತ್ತನೆಯ ಕಲ್ಲಿಗೆ ಬರುತ್ತದೆ. ಆ ಕಲ್ಲಿನಲ್ಲಿ ಹಂತಹಂತವಾಗಿ ಗೂಡುಗಳು. ಕಸ, ಮಣ್ಣು ಅಲ್ಲೇ ಉಳಿದು ನೀರು ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಸೇದುವ ಬಾವಿಯ ಕಟ್ಟೆಗಳು ರೋಮನ್ ಕಾಲದ ಕಂಬಗಳ ಬುಡ. ಹಗ್ಗ ಉಜ್ಜಿ ಉಜ್ಜಿ ಬೆರಳು ಹಿಡಿಯುವಷ್ಟು ಆಳದ ಗೀರು ಬಿದ್ದಿವೆ. ಮುಸ್ಲಿಮರಲ್ಲದವರಿಗೆ ಪ್ರಾರ್ಥನೆಯ ಹಜಾರಕ್ಕೆ ಪ್ರವೇಶವಿಲ್ಲ, ಅಂಗಳಕ್ಕೆ ಇದೆ. ನನಗೆ ಬೇಕಾದದ್ದು ಅಂಗಳವೇ ಆಗಿತ್ತು. ಅದೇ ಊರಿನಲ್ಲಿ ಬೀರ್ ಬರೂತಾ ಅಂತ ಒಂದು ಬಾವಿಮನೆ. ಮಹಡಿ ಮೇಲೆ ಕಣ್ಣಿಗೆ ಬಟ್ಟೆ ಕಟ್ಟಿದ ಒಂಟೆ ರಾಟೆ ಸುತ್ತುತ್ತದೆ, ಪ್ರವಾಸಿಗಳು ಚಪ್ಪಾಳೆ ತಟ್ಟುತ್ತಾರೆ. ನನಗೆ ಇಷ್ಟವಾಗಲಿಲ್ಲ. ಕೆಲಸವಿದ್ದ ಕಾಲಕ್ಕೆ ಸರಿ, ಈಗ ಯಾಕೆ?

ಫೆಜ್‌ಗೆ ಬರೋಣ. ಚರ್ಮದ ತೊಟ್ಟಿ ನೋಡಿ ಮೂಗು ಮುಚ್ಚಿಕೊಂಡವರು ಅವು ಅಲ್ಲೇ ಯಾಕಿವೆ ಅಂತ ಕೇಳಬೇಕಿತ್ತು. ನದಿ ದಂಡೆ ಅದು, ಹದ ಮಾಡಲು ನೀರು ಬೇಕು. ನದಿ ಊರಿಗೆ ಪಡುವಣದಿಂದ ಬಂದು ಕವಲು ಕವಲಾಗಿ ಮಸೀದಿ, ಮದರಸಾ, ಸ್ನಾನದ ಮನೆ, ಬೀದಿ ನಲ್ಲಿಗಳಿಗೆ ಹೋಗುತ್ತಿತ್ತು. 1350ರ ದಶಕದ ಬೂ ಇನಾನಿಯಾ ಮದರಸಾದ ಅಂಗಳದಲ್ಲಿ ಅದರ ಒಂದು ಕಾಲುವೆಯನ್ನೇ ಹಾಯಿಸಿದ್ದಾರೆ. ಎದುರಿಗೆ ನೀರಿನ ಗಡಿಯಾರದ ಮನೆ ಇದೆ, 1357ರದು. ಅದು ಹೇಗೆ ನಡೆಯುತ್ತಿತ್ತು ಅಂತ ಈಗ ಯಾರಿಗೂ ಪೂರ್ತಿ ಗೊತ್ತಿಲ್ಲ. ಕಾಲ ಕಳೆದಂತೆ ಆ ನದಿಯೇ ಚರಂಡಿಯಾಗಿ, ಕೆಲವು ಕಡೆ ಮೇಲೆ ಕಾಂಕ್ರೀಟ್ ಹಾಕಿ ಮುಚ್ಚಿಬಿಟ್ಟಿದ್ದರು. ಅದನ್ನು ಮತ್ತೆ ತೆರೆಯುವ ಯೋಜನೆ ರೂಪಿಸಿದವರು ಅಜೀಜಾ ಶಾವೂನಿ, ಫೆಜ್‌ನಲ್ಲೇ ಹುಟ್ಟಿದ ವಾಸ್ತುಶಿಲ್ಪಿ. ಅಲ್ಲಿಯ ಕರವಿಯ್ಯೀನ್ ಮಸೀದಿಯ ಹಳೇ ಗ್ರಂಥಾಲಯವನ್ನು ದುರಸ್ತಿ ಮಾಡಿಸಿದವರೂ ಅವರೇ. ಪುಸ್ತಕಗಳಿಗೆ ದೊಡ್ಡ ಶತ್ರು ಅಡಿಪಾಯದ ತೇವ. ಮೊದಲು ನೆಲದಡಿಯ ನೀರಿಗೆ ದಾರಿ ಮಾಡಿ, ಆಮೇಲೆ ಉಳಿದ ಕೆಲಸಕ್ಕೆ ಕೈ ಹಾಕಿದರು. 859ರಲ್ಲಿ ಕರವಿಯ್ಯೀನ್ ಮಸೀದಿಗೆ ಬುನಾದಿ ಹಾಕಿಸಿದವಳು ಫಾತಿಮಾ ಅಲ್-ಫಿಹ್ರಿ ಎಂಬ ಹೆಂಗಸು ಅನ್ನುವುದು ಪರಂಪರೆಯಿಂದ ಬಂದ ಮಾತು. ಹೆಂಗಸರ ಹೆಸರು ಹೀಗೆ ಬರುತ್ತಲೇ ಇರುತ್ತದೆ, ಹುಡುಕುವವರು ಬೇಕು ಅಷ್ಟೇ.

ಮೊರೊಕ್ಕೊದಲ್ಲಿ ಮುಸ್ಲಿಮರಲ್ಲದವರನ್ನು ಮಸೀದಿಯೊಳಗೆ ಬಿಡುವುದಿಲ್ಲ. ಕಾಸಾಬ್ಲಾಂಕಾದ ಹಸನ್ 2 ಮಸೀದಿಯಂಥ ಒಂದೆರಡು ಕಡೆ ಬಿಟ್ಟರೆ ಬಾಗಿಲಲ್ಲೇ ನಿಂತು ನೋಡಬೇಕು. ಕೆಲವರು ಇದಕ್ಕೇ ಬೇಜಾರು ಮಾಡಿಕೊಳ್ಳುತ್ತಾರೆ. ಹಾಗಾದರೆ ಓಣಿಗೆ ಬನ್ನಿ. ಮೂಲೆಯಲ್ಲಿ ಬಣ್ಣದ ಹಂಚಿನ ನಲ್ಲಿ, ಅದರಾಚೆ ಬ್ರೆಡ್ ಸುಡುವ ಊರ ಒಲೆ, ಹಿಟ್ಟಿನ ಹಲಗೆ ಹೊತ್ತುಕೊಂಡು ಹೋಗುವ ಮಕ್ಕಳು, ಹಿಂದಿನಿಂದ ‘ಬಾಲಕ್, ಬಾಲಕ್’ (ದಾರಿ ಬಿಡಿ) ಅಂತ ಕೂಗುತ್ತಾ ಹೇಸರಗತ್ತೆ ಓಡಿಸಿಕೊಂಡು ಬರುವವನು. ಕೂಗು ಕೇಳಿದರೆ ಗೋಡೆಗೆ ಒರಗಿಬಿಡಿ. ಕತ್ತೆ ನಿಮಗಾಗಿ ನಿಲ್ಲಲ್ಲ.

ಹೆಂಗಸರಾಗಿದ್ದರೆ ಹಮಾಮ್‌ಗೆ, ಅಂದರೆ ಸ್ನಾನದ ಮನೆಗೆ ಹೋಗಲೇಬೇಕು, ಹೋಟೆಲಿನದ್ದಲ್ಲ, ಬೀದಿಯದ್ದು. ಹೆಂಗಸರಿಗೆ ಬೇರೆ ಹೊತ್ತು ಅಥವಾ ಬೇರೆ ಬಾಗಿಲು ಇರುತ್ತದೆ. ಬಕೆಟ್ಟು, ಕಪ್ಪು ಸಾಬೂನು, ಮೈ ಉಜ್ಜುವ ಒರಟು ಕೈಗವಸು ತೆಗೆದುಕೊಂಡು ಹೋದರೆ ಅಲ್ಲಿಯ ಅಮ್ಮ ಚರ್ಮ ಸುಲಿದ ಹಾಗೆ ಉಜ್ಜುತ್ತಾರೆ. ಭಾಷೆ ಬಾರದಿದ್ದರೂ ಒಂದು ಗಂಟೆಯಲ್ಲಿ ನಮ್ಮಿಬ್ಬರ ಮಕ್ಕಳು ಮೊಮ್ಮಕ್ಕಳ ಲೆಕ್ಕ ಎಲ್ಲರಿಗೂ ಗೊತ್ತಾಗಿತ್ತು. ನಾನು ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೈಸನ್ನೆಯಲ್ಲಿ ಕೇಳಿದಾಗ ಮಾತ್ರ ನಗು ತಡೆಯಲಾಗಲಿಲ್ಲ ಅವರಿಗೆ.

ಮರಾಕೇಶ್‌ನಲ್ಲಿ ಅಲ್-ಮುರಾಬಿತ್ ದೊರೆಗಳ ಕಾಲದ ಒಂದು ಗುಮ್ಮಟ ಇದೆ, 12ನೇ ಶತಮಾನದ ಆರಂಭದ್ದು. ಒಳಗಿನ ಕೆತ್ತನೆ ಕಣ್ಣು ಕೋರೈಸುತ್ತದೆ. ಏನದು ಅಂದರೆ ಪ್ರಾರ್ಥನೆಗೆ ಮೊದಲು ಕೈಕಾಲು ತೊಳೆಯುವ ಜಾಗ. ಪಕ್ಕದಲ್ಲಿ ಕಕ್ಕಸುಗಳ ಅವಶೇಷ. ಆ ದೊರೆಗಳ ಅರಮನೆ ಇಲ್ಲ, ಮಸೀದಿ ಇಲ್ಲ, ಮರಾಕೇಶ್‌ನಲ್ಲಿ ಹೆಚ್ಚು ಕಡಿಮೆ ಪೂರ್ತಿಯಾಗಿ ಉಳಿದ ಅವರ ಕಟ್ಟಡ ಇದೊಂದೇ! ಅದೇ ಊರಿನ ಮುವಾಸಿನ್ ಎಂಬ ಹಳೇ ಬೀದಿ ನಲ್ಲಿಯಲ್ಲಿ ನಾಲ್ಕು ಅಂಕಣ, ಮೂರು ಪ್ರಾಣಿಗಳಿಗೆ, ಒಂದು ಮನುಷ್ಯರಿಗೆ. ಜೆಮಾ ಅಲ್-ಫ್ನಾ ಬಯಲಿನಲ್ಲಿ ಕೆಂಪು ಬಟ್ಟೆ, ಹಿತ್ತಾಳೆ ಬಟ್ಟಲುಗಳ ನೀರು ಮಾರುವವರು ಈಗಲೂ ಇದ್ದಾರೆ. ಅವರ ಹತ್ತಿರ ನೀರು ಕುಡಿಯುವವರು ಕಾಣಲಿಲ್ಲ. ಫೋಟೊಗೆ ದಿರ್ಹಮ್ ಕೊಡಬೇಕು. ಕೊಡಿ, ಚೌಕಾಸಿ ಬೇಡ. ನಲ್ಲಿ ಬಂದ ಮೇಲೆ ಅವರಿಗೆ ಉಳಿದ ಕಸುಬು ಇದು.

ಎಲ್ಲರೂ ಕೇಳುವ ಪ್ರಶ್ನೆ, ಹೆಂಗಸರು ಇಬ್ಬರೇ ಹೋದರೆ ಸುರಕ್ಷಿತವಾ? ನಮಗೆ ಹೆದರಿಕೆ ಆದದ್ದು ಕೈರೋದಲ್ಲಿ ರಸ್ತೆ ದಾಟುವಾಗ ಮಾತ್ರ. ಊರಿನವರು ಯಾರಾದರೂ ದಾಟುತ್ತಿದ್ದರೆ ಅವರ ಪಕ್ಕ ಸೇರಿಕೊಂಡು ನಡೆಯಿರಿ. ‘ಮಸೀದಿ ಇವತ್ತು ಮುಚ್ಚಿದೆ, ನನ್ನ ಜೊತೆ ಬನ್ನಿ’ ಅನ್ನುವವರು ಎಲ್ಲ ಕಡೆ ಇದ್ದಾರೆ. ಮುಚ್ಚಿರಲ್ಲ. ‘ಲಾ, ಶುಕ್ರನ್’ (ಬೇಡ, ಧನ್ಯವಾದ) ಅಂದು ಮುಂದೆ ಹೋಗಿ. ಸಡಿಲವಾದ ಉದ್ದ ಬಟ್ಟೆ, ತಲೆಗೆ ಹೊದೆಯಲು ಒಂದು ದುಪಟ್ಟಾ ಚೀಲದಲ್ಲಿರಲಿ. ಶುಕ್ರವಾರ ಮಧ್ಯಾಹ್ನ ಮಸೀದಿಗಳ ಕಡೆ ಹೋಗಬೇಡಿ. ಹೆಂಗಸರ, ಮಕ್ಕಳ ಫೋಟೊ ಕೇಳದೆ ತೆಗೆಯಬೇಡಿ.

ಸಸ್ಯಾಹಾರಿಗಳಿಗೆ ಕೈರೋ ಚಿಂತೆಯಿಲ್ಲದ ಊರು. ಅನ್ನ, ಬೇಳೆ, ಶ್ಯಾವಿಗೆ, ಕರಿದ ಈರುಳ್ಳಿ ಹಾಕಿದ ಕೊಶರಿ, ಅವರೆಯಂಥ ಕಾಳಿನ ತಅಮಿಯಾ ವಡೆ, ಬೇಯಿಸಿದ ಫೂಲ್. ಈ ಫೂಲ್ ಗಡಿಗೆಗಳನ್ನು ಹಿಂದೆ ಹಮಾಮ್‌ನ ಒಲೆಯ ಕೆಂಡದಲ್ಲಿ ರಾತ್ರಿಯಿಡೀ ಹೂತಿಡುತ್ತಿದ್ದರು. ನೀರು ಕಾಯಿಸಿದ ಬಿಸಿಯಲ್ಲೇ ಊರಿಗೆ ತಿಂಡಿ. ಒಂದು ಕಿಡಿಯೂ ದಂಡವಿಲ್ಲ.

ನಾವು ನೋಡದೆ ಉಳಿದ ಊರುಗಳೂ ಇವೆ. ಸಿರಿಯಾದ ಹಮಾದಲ್ಲಿ ಒರೊಂಟಿಸ್ ನದಿಯಿಂದ ನೀರೆತ್ತುವ ಮರದ ಚಕ್ರಗಳು, ದೊಡ್ಡದು ಸುಮಾರು 21 ಮೀಟರ್ ಎತ್ತರ, 1361ರದು. ಅಲೆಪ್ಪೊದ ದೊಡ್ಡ ಮಸೀದಿಯ 11ನೇ ಶತಮಾನದ ಮಿನಾರ್ 2013ರಲ್ಲಿ ಯುದ್ಧದಲ್ಲಿ ಬಿತ್ತು. ಯೆಮನ್‌ನ ಸನಾದಲ್ಲಿ ಮಸೀದಿಯಲ್ಲಿ ಕೈಕಾಲು ತೊಳೆದ ನೀರನ್ನು ಪಕ್ಕದ ತರಕಾರಿ ತೋಟಕ್ಕೆ ಬಿಡುತ್ತಾರೆ. ಆ ತೋಟಗಳನ್ನು ನೋಡಬೇಕು ಅಂತ ನನಗೆ ಬಹಳ ಆಸೆ. ಅಲ್ಲಿಯ ಜನಕ್ಕೆ ಮೊದಲು ನೆಮ್ಮದಿ ಸಿಗಲಿ, ಪ್ರವಾಸ ಆಮೇಲೆ.

ದುಬೈಗೆ ಹೋಗುವವರೂ ಮಾಲ್‌ನಿಂದ ಹೊರಗೆ ಬಂದು ಅಲ್ ಫಹೀದಿ ಬಡಾವಣೆಯಲ್ಲಿ ಗಾಳಿ ಹಿಡಿದು ಮನೆಯೊಳಗೆ ಇಳಿಸುವ ಹಳೇ ಗೋಪುರಗಳ ಕೆಳಗೆ ಒಮ್ಮೆ ನಿಲ್ಲಬಹುದು. ಅಲ್ಲಿಂದ ಅಬ್ರಾ ದೋಣಿಯಲ್ಲಿ ಊರೊಳಗೆ ಬಂದ ಸಮುದ್ರದ ಕವಲು ದಾಟಿದರೆ ದೇರಾದ ಹಳೇ ಮಾರುಕಟ್ಟೆ.

ಸಂಪಾದಕರೇ, ನನ್ನ ಕೋರಿಕೆ ಎರಡು. ಕೋಟೆ ಮಸೀದಿಯ ಬಗ್ಗೆ ತಿದ್ದುಪಡಿ ಹಾಕಿ. ಮುಂದಿನ ಸಲ ಕೈರೋ ಬಗ್ಗೆ ಬರೆಸುವಾಗ ಹಳೇ ಊರಿಗೆ ಕಡೇಪಕ್ಷ ಎರಡು ದಿನ ಕೊಡಿ ಅಂತ ಓದುಗರಿಗೂ ಪ್ರವಾಸ ಸಂಸ್ಥೆಗಳಿಗೂ ಹೇಳಿ. ಒಂದು ದಿನ ಮುಯಿಜ್ ಬೀದಿಗೆ. ಬೆಳಿಗ್ಗೆ ಬಾಬ್ ಅಲ್-ಫುತೂಹ್‌ನಿಂದ ಹೊರಟರೆ ಬಿಸಿಲು ಏರುವ ಹೊತ್ತಿಗೆ ಕಲಾವೂನ್ ಗುಮ್ಮಟದ ನೆರಳು ಸಿಗುತ್ತದೆ. ಇನ್ನೊಂದು ದಿನ ಇಬ್ನ್ ತುಲೂನ್, ಕೋಟೆ, ಸಂಜೆಯೊಳಗೆ ರೋಡಾ ದ್ವೀಪ. ನೈಲೋಮೀಟರ್ ಬೇಗ ಮುಚ್ಚುತ್ತಾರೆ, ಟ್ಯಾಕ್ಸಿಯವರಿಗೆ ಆ ಹೆಸರು ಗೊತ್ತಿರುವುದಿಲ್ಲ, ಉಮ್ಮ್ ಕುಲ್ಸೂಮ್ ಮ್ಯೂಸಿಯಂ ಅಂದರೆ ಕರೆದುಕೊಂಡು ಹೋಗುತ್ತಾರೆ.

ಇಂತಿ,
ನಿಮ್ಮ ಹಳೇ ಓದುಗಿ,
ನಿವೃತ್ತ ನೀರು ಸರಬರಾಜು ಎಂಜಿನಿಯರ್